ಹಿಂದಿನ ಮೆಟ್ಟಿಲು

ಹದಿನಾಲ್ಕು ವರ್ಷಗಳಿಂದ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಸಹೋದ್ಯೋಗಿಗಳು ಆಗಾಗ ಹೇಳುವ ಮಾತೊಂದಿದೆ: "ನಿಮ್ಮ ಮಕ್ಕಳಿಗೇನು ಮೇಡಂ, ಬೆಳಗ್ಗೆ ಎದ್ದು ಓಡುತ್ತಾರೆ, ಹೊಟ್ಟೆ ತುಂಬ ತಿನ್ನುತ್ತಾರೆ, ಕಣ್ಣು ತುಂಬ ನಿದ್ದೆ ಮಾಡುತ್ತಾರೆ. ಚಿಂತೆಯೆಲ್ಲ ಓದುವ ಮಕ್ಕಳಿಗೆ." ಅರ್ಧ ನಿಜ. ವ್ಯಾಯಾಮದಿಂದ ಮನಸ್ಸು ಹಗುರಾಗುತ್ತದೆ, ತಂಡದಲ್ಲಿದ್ದವರಿಗೆ ಒಂಟಿತನ ಕಡಿಮೆ. ಮೈದಾನದಲ್ಲಿ ಇರುವಷ್ಟು ದಿನ ನನ್ನ ಮಕ್ಕಳು ಗಟ್ಟಿಯಾಗಿಯೇ ಇರುತ್ತಾರೆ. ಮೈದಾನ ತಪ್ಪಿದ ಮೇಲೆ ಅವರ ಗತಿಯೇನು ಎಂದು ಕೇಳುವವರು ಇಲ್ಲ.

ಎರಡು ವರ್ಷಗಳ ಹಿಂದೆ 800 ಮೀಟರ್ ಓಡುವ ಹುಡುಗಿಯೊಬ್ಬಳಿಗೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಎರಡು ತಿಂಗಳು ಓಡಬಾರದು ಎಂದರು ವೈದ್ಯರು. ಅಂತರಕಾಲೇಜು ಕ್ರೀಡಾಕೂಟಕ್ಕೆ ಆರೇ ವಾರ ಬಾಕಿ. ಅದೇ ಸಮಯದಲ್ಲಿ ಅವಳ ಕೋಣೆಯ ಗೆಳತಿ ಎರಡು ವಿಷಯಗಳಲ್ಲಿ ಫೇಲಾಗಿದ್ದಳು. ಆಕೆಯನ್ನು ಅಧ್ಯಾಪಕರು ಕರೆದು ಮಾತಾಡಿಸಿದರು, ಜೊತೆಯವರು ನೋಟ್ಸ್ ಕೊಟ್ಟರು, ಮತ್ತೆ ಬರೆಯಲು ಪರೀಕ್ಷೆಯೂ ಇತ್ತು. ಆಕೆಯ ನೋವು ಸಣ್ಣದೆಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಿಕೊಳ್ಳಲು ಜಾಗವಿತ್ತು. ನಮ್ಮ ಓಟಗಾರ್ತಿಗೆ ಮಾತ್ರ ಪ್ರಾಂಶುಪಾಲರಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರದೂ ಒಂದೇ ಪ್ರಶ್ನೆ, "ಮತ್ತೆ ಯಾವಾಗ ಓಡುತ್ತೀಯಮ್ಮಾ?" ಅವಳು ಮುಂಬಾಗಿಲು ಬಿಟ್ಟು ಹಿಂದಿನ ಮೆಟ್ಟಿಲು ಹತ್ತಿ ತರಗತಿಗೆ ಹೋಗತೊಡಗಿದಳು. ಹಾಗೆ ಕೇಳಿದವರಲ್ಲಿ ನಾನೂ ಒಬ್ಬಳು. ಇಂದಿಗೂ ಅದು ಚುಚ್ಚುತ್ತದೆ.

ಒಂದು ದಿನ ಬೆಳಗಿನ ಐದೂವರೆಗೆ ಗ್ಯಾಲರಿಯ ಕೆಳಗಿನ ಸಾಲಿನಲ್ಲಿ ಕುಳಿತಿದ್ದಳು. ತೊಡೆಯ ಮೇಲೆ ಹಳೆಯ ಪೇಪರಿನಲ್ಲಿ ಸ್ಪೈಕ್ಸ್ ಶೂ. ಮೊಳೆಗಳ ಸಂದಿಯ ಒಣಮಣ್ಣನ್ನು ಹೇರ್‌ಪಿನ್ನಿನಿಂದ ಕೆರೆದು ತೆಗೆಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಓಡದವಳು ಈ ಹಾಸ್ಟೆಲಿನಲ್ಲಿ ಯಾಕಿರಬೇಕು ಮೇಡಂ? ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಆಮೇಲೆ ಇದೇ ಯೋಚನೆ." ಕ್ರೀಡಾ ಕೋಟಾದ ಸೀಟು, ಊಟ, ಊರಿನಲ್ಲಿ ಅಪ್ಪನಿಗೆ ಸಿಗುವ ಮರ್ಯಾದೆ, ಎಲ್ಲವೂ ಆ ಒಂದು ಮೂಳೆಯ ಮೇಲೆ ನಿಂತಿದ್ದವು.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಶೂಟರ್ ಅಭಿನವ್ ಬಿಂದ್ರಾ, ಆ ಗೆಲುವಿನ ನಂತರ ಖಿನ್ನತೆ ಕಾಡಿದ್ದನ್ನು ಬಹಿರಂಗವಾಗಿ ಹೇಳಿದ್ದಾರೆ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ತಂಡ ಫೈನಲ್‌ನ ನಡುವೆಯೇ ಮಾನಸಿಕ ಆರೋಗ್ಯದ ಕಾರಣ ಹೇಳಿ ಹಿಂದೆ ಸರಿದರು. ಅಷ್ಟು ಎತ್ತರದಲ್ಲಿರುವವರು ಹೇಳಿದರೆ ಜಗತ್ತು ಕಿವಿಗೊಡುತ್ತದೆ. ತಾಲ್ಲೂಕು ಕೇಂದ್ರದ ಹುಡುಗಿ ಹೇಳಿದರೆ "ಧೈರ್ಯ ಸಾಲದು" ಎನ್ನುತ್ತೇವೆ.

ಅವಳನ್ನು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ನಾನೇ ಕರೆದುಕೊಂಡು ಹೋದೆ. ನಾಲ್ಕನೆಯ ಭೇಟಿಯ ಹೊತ್ತಿಗೆ ನಿದ್ದೆ ಮರಳಿತ್ತು. ಕ್ರೀಡಾಕೂಟದ ದಿನ ಸ್ಟಾಪ್‌ವಾಚ್ ಹಿಡಿದು ನಿಂತು ಕಿರಿಯರಿಗೆ ಲ್ಯಾಪ್ ಸಮಯ ಕೂಗಿ ಹೇಳುತ್ತಿದ್ದಳು.

ದೈಹಿಕ ಶಿಕ್ಷಕ ಮಿತ್ರರೇ, ಗಾಯಗೊಂಡವರ ಹೆಸರು ಪಟ್ಟಿಯಿಂದ ಹೋಗಲಿ, ಬೆಳಗಿನ ಅಭ್ಯಾಸಕ್ಕೆ ಮಾತ್ರ ಅವರನ್ನು ಕರೆಯುತ್ತಲೇ ಇರಿ. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಮುಚ್ಚಳದ ಒಳಗೆ ಅದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಕ್ರೇಪ್ ಬ್ಯಾಂಡೇಜ್ ತೆಗೆದುಕೊಳ್ಳಲು ಬಂದವರ ಕಣ್ಣಿಗೆ ಬೀಳುತ್ತದೆ.