ಹಳೆಯ ಬೋರ್ಡೋಗೆ ಎರಡು ಗಂಟೆ ಗಾಳಿ ಬೇಡ

ಫ್ರಾನ್ಸಿನ ಬೋರ್ಡೋ ಪ್ರದೇಶದ ಹಳೆಯ ಕೆಂಪು ವೈನನ್ನು ಕುಡಿಯುವ ಎರಡು ಗಂಟೆ ಮೊದಲೇ ಡಿಕ್ಯಾಂಟರ್‌ಗೆ (ವೈನ್ ಸುರಿದಿಡುವ ಗಾಜಿನ ಹೂಜಿ) ಸುರಿದಿಡಿ ಅಂತ ಒಂದು ಲೇಖನದಲ್ಲಿ ಓದಿದೆ. ಹತ್ತು ವರ್ಷದ ವೈನಿಗೆ ಸರಿ. 1982ರ ದ್ರಾಕ್ಷಿಯದರಂಥ ಹಳೆಯ ಬಾಟಲಿಗೆ ದಯವಿಟ್ಟು ಹಾಗೆ ಮಾಡಬೇಡಿ. ಅಷ್ಟು ಹಳೆಯದರ ಪರಿಮಳ ಗಾಳಿ ತಾಗಿದ ಅರ್ಧ ಗಂಟೆಯಲ್ಲೇ ಹಾರಿಹೋಗಬಹುದು.

ಎರಡು ದಿನ ಮೊದಲೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಹಳೆಯ ಕಾರ್ಕ್ ಮೆತ್ತಗಾಗಿರುತ್ತದೆ, ಸುರುಳಿ ಓಪನರ್ ಹಾಕಿದರೆ ನಡುವೆ ಮುರಿದು ಪುಡಿ ಒಳಗೆ ಬೀಳಬಹುದು. ಎರಡು ತೆಳು ಅಲಗಿನ ಓಪನರ್ ಇದಕ್ಕೆಂದೇ ಇದೆ. ಬಡಿಸುವ ಹೊತ್ತಿಗೆ, ಬಾಟಲಿ ಕತ್ತಿನ ಹಿಂದೆ ದೀಪವಿಟ್ಟು, ನಡುವೆ ನಿಲ್ಲಿಸದೆ ನಿಧಾನವಾಗಿ ಡಿಕ್ಯಾಂಟರ್‌ಗೆ ಬಗ್ಗಿಸಿ. ಗಸಿಯ ಕಪ್ಪು ಎಳೆ ಕತ್ತಿಗೆ ಬಂದ ಕೂಡಲೇ ಸಾಕು. ಉಷ್ಣತೆ 16–18 ಡಿಗ್ರಿ. ನಮ್ಮ ಬೆಂಗಳೂರಿನ ಕೋಣೆಯ ಬಿಸಿಯಲ್ಲಿ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ.

ಗ್ಲಾಸಿನಲ್ಲಿ ವೈನಿನ ಅಂಚು ಇಟ್ಟಿಗೆ ಬಣ್ಣ ಕಂಡರೆ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ವಯಸ್ಸಿನ ಗುರುತು. ಗ್ಲಾಸಿನ ವೈನೆಲ್ಲ ಕಂದು ಬಣ್ಣವಾಗಿ ಶೆರಿಯಂತೆ (ಸ್ಪೇನಿನ ಒಂದು ಬಗೆಯ ವೈನ್) ವಾಸನೆ ಬಂದರೆ ಮಾತ್ರ ಬಾಟಲಿಗೆ ಗಾಳಿ ಒಳಹೊಕ್ಕು ಕೆಟ್ಟಿದೆ ಎಂದರ್ಥ. ತೆರೆದ ತಕ್ಷಣದ ಮುಗ್ಗಲು ನಾತ ಹತ್ತು-ಹದಿನೈದು ನಿಮಿಷದಲ್ಲಿ ಹೋಗಬಹುದು, ಕಾಯಿರಿ. ಒದ್ದೆ ರಟ್ಟಿನ ವಾಸನೆ ಹೊತ್ತು ಕಳೆದಂತೆ ಜೋರಾದರೆ ಅದು ಕಾರ್ಕ್ ದೋಷ, ಎಷ್ಟು ಕಾದರೂ ಸರಿಹೋಗದು.