ಎತ್ತು ಈಯಿತಂತೆ, ಕೊಟ್ಟಿಗೆ ಎಲ್ಲಿಗೆ ಬಂತು?

‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ.’ ನಮ್ಮಜ್ಜಿ ಈ ಗಾದೆಯನ್ನು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು, ಸಾಮಾನ್ಯವಾಗಿ ಅಜ್ಜನ ಕಡೆ ನೋಡಿಕೊಂಡು. ಹಿಂದೆಮುಂದೆ ನೋಡದೆ ತಲೆಯಾಡಿಸುವವರ ಬಗ್ಗೆ ಇರುವ ಮಾತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅದೊಂದು ಕುಡಿಯುವ ನೀರಿನ ಯೋಜನೆ ಅಂತ ಗೊತ್ತಾಗಿದ್ದು ಆಮೇಲೆ. ಹೆಸರಲ್ಲೇ ಎತ್ತು ಇದೆ ನೋಡಿ: ಎತ್ತಿನಹೊಳೆ. ಸಕಲೇಶಪುರದ ಕಾಡಿನ ಹೊಳೆಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಬಯಲುಸೀಮೆಗೆ ಒಯ್ಯುವ ಯೋಜನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಉಪ್ಪಿನಂಗಡಿ ಕಡೆಯವನು. ಆದರೆ ಸೊಸೆ ಚಿಂತಾಮಣಿಯವಳು. ಹಾಗಾಗಿ ಈ ಹೊಳೆಯ ಎರಡೂ ತುದಿ, ನೀರು ಇರುವ ತುದಿ ಮತ್ತು ನೀರು ಬರಬೇಕಾದ ತುದಿ, ನಮ್ಮ ಮನೆ ಜಗಲಿಯಲ್ಲೇ ಕೂತು ಕಾಫಿ ಕುಡಿಯುತ್ತವೆ. ಬೀಗರು ಬಂದಾಗಲೆಲ್ಲ ಕೇಳುವುದು ಒಂದೇ. “ಏನ್ ಬೀಗ್ರೇ, ನಾವು ಮಗಳನ್ನ ಕಳಿಸಿ ಆರು ವರ್ಷ ಆಯ್ತು. ನೀವು ನೀರು ಯಾವಾಗ ಕಳಿಸ್ತೀರಿ?” ನಗುತ್ತಲೇ ಕೇಳುತ್ತಾರೆ. ಅವರ ತೋಟದಲ್ಲಿ ನಾಲ್ಕು ಬೋರ್‌ವೆಲ್ ಇವೆ. ಕೊನೆಯದು 1,400 ಅಡಿ. ಬಂದದ್ದು ದೂಳು. ಹಾಗಾಗಿ ಅವರು ನಕ್ಕಾಗ ನಾನೂ ನಗುತ್ತೇನೆ, ಆದರೆ ಸ್ವಲ್ಪ ಕಮ್ಮಿ.

ನಮ್ಮ ಹೊಳೆಯ ಭೂಗೋಳ ತುಂಬಾ ಸಲೀಸು. ನೇತ್ರಾವತಿ ಕುದುರೆಮುಖದ ಬೆಟ್ಟಗಳಲ್ಲಿ ಹುಟ್ಟಿ ಧರ್ಮಸ್ಥಳದ ಪಕ್ಕ ಹಾದು ಬರುತ್ತಾಳೆ. ಸುಬ್ರಹ್ಮಣ್ಯದ ಕಡೆಯಿಂದ ಕುಮಾರಧಾರಾ ಬರುತ್ತಾಳೆ. ಸಕಲೇಶಪುರದ ಕಾಡಿನಿಂದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗದಹಳ್ಳ ಎಲ್ಲ ಇಳಿದು, ಗುಂಡ್ಯ ಹೊಳೆಯಾಗಿ ಕುಮಾರಧಾರೆಗೆ ಬೀಳುತ್ತವೆ. ಎಲ್ಲರೂ ಕೈಹಿಡಿದುಕೊಳ್ಳುವುದು ನಮ್ಮೂರಲ್ಲಿ, ಸಹಸ್ರಲಿಂಗೇಶ್ವರನ ಎದುರು. ಅಲ್ಲಿಂದ ಬಂಟ್ವಾಳ, ತುಂಬೆ, ಉಳ್ಳಾಲ, ಸಮುದ್ರ. ಮುಗಿಯಿತು. ಇಡೀ ನೇತ್ರಾವತಿ ನೂರು ಕಿಲೋಮೀಟರ್ ಚಿಲ್ಲರೆ. ಅದರ ಒಂದು ಕೊಂಬೆಯ ನೀರನ್ನು ಬಯಲುಸೀಮೆಗೆ ಒಯ್ಯಲು ತೋಡುವ ಕಾಲುವೆ 250 ಕಿಲೋಮೀಟರಿಗೂ ಜಾಸ್ತಿ. ಎತ್ತಿಗಿಂತ ಹಗ್ಗ ಭಾರ.

ಬಿಸಿಲೆ ಘಾಟಿಯ ಹತ್ತಿರ ಒಂದು ಕಲ್ಲಿದೆ. ಅದರ ಒಂದು ಬದಿಗೆ ಬಿದ್ದ ಮಳೆ ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಹೇಮಾವತಿ ಸೇರಿ ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ. ಒಂದೇ ಮೋಡ, ಒಂದೇ ಮಳೆ, ಗಾಳಿ ಸ್ವಲ್ಪ ಈಚೆ ಬೀಸಿದರೆ ಬೇರೆ ಸಮುದ್ರ. ಈ ಪಾಲು ಮಾಡಿದ್ದು ಬೆಟ್ಟ. ಯಾವ ನ್ಯಾಯಮಂಡಳಿಯೂ ಕೂರಲಿಲ್ಲ, ಯಾರೂ ಬಸ್ಸಿಗೆ ಕಲ್ಲು ಹೊಡೆಯಲಿಲ್ಲ. ಅದೇ ತಪ್ಪಾಗಿದ್ದು ಅಂತ ಕಾಣುತ್ತದೆ.

ಚರಿತ್ರೆಯೂ ಇದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಲೇಖಕ ಪ್ಲಿನಿ ನಮ್ಮ ಪಶ್ಚಿಮ ಕರಾವಳಿಯ ಬಗ್ಗೆ ಬರೆಯುತ್ತಾ, ನಿಟ್ರಿಯಾಸ್ ಎಂಬ ಕಡೆ ಕಡಲ್ಗಳ್ಳರಿದ್ದಾರೆ, ಹುಷಾರು ಅಂದಿದ್ದ. ಅದು ನೇತ್ರಾವತಿಯ ಅಳಿವೆಯೇ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಆಗ ಕಳ್ಳರು ಅಳಿವೆ ಬಾಯಲ್ಲಿ ಕಾಯುತ್ತಿದ್ದರು. ಈಗಿನವರು ಎಲ್ಲಿದ್ದಾರೆ ಅಂತ ನಾನು ಬರೆಯುವುದಿಲ್ಲ. ಹೊಯ್ಗೆ ಲಾರಿಯವರು ಬೇಜಾರು ಮಾಡಿಕೊಂಡಾರು. ಆಮೇಲೆ 1923ರ ನೆರೆ, 1974ರ ನೆರೆ. ಎಪ್ಪತ್ತನಾಲ್ಕರಲ್ಲಿ ಬಂಟ್ವಾಳ ಪೇಟೆಯೇ ಮುಳುಗಿತ್ತು. ನಮ್ಮಲ್ಲಿ ಎರಡೂ ಹೊಳೆ ಉಕ್ಕಿ ದೇವಸ್ಥಾನದ ಎದುರು ಒಂದಾದರೆ ‘ಸಂಗಮ’ ಅನ್ನುತ್ತೇವೆ. ಪಾತ್ರೆ ಪಗಡೆ ಅಟ್ಟಕ್ಕೇರಿಸಿ, ಸಂಗಮ ನೋಡಲು ಓಡುತ್ತೇವೆ. ಜನ ವಿಚಿತ್ರ.

ಇಂಥ ಹೊಳೆಯನ್ನು ನೋಡಿದ ವಿಧಾನಸೌಧಕ್ಕೆ ಒಂದು ದಿನ ಹೊಳೆಯಿತು: ಅಯ್ಯೋ, ನೀರು ಸಮುದ್ರ ಸೇರಿ ವ್ಯರ್ಥವಾಗುತ್ತಿದೆ! ಈ ‘ವ್ಯರ್ಥ’ ಎಂಬ ಪದ ಬಹಳ ಪವರ್‌ಫುಲ್. ಅಳಿವೆಯಲ್ಲಿ ಮೀನು ಮರಿ ಮಾಡುವುದು, ಬಾವಿಗೆ ಉಪ್ಪುನೀರು ನುಗ್ಗದಂತೆ ಹೊಳೆ ತಡೆದು ನಿಲ್ಲುವುದು, ಇದೆಲ್ಲ ವ್ಯರ್ಥ. ಇದೇ ಲೆಕ್ಕದಲ್ಲಿ ಬಂಗುಡೆ ಸಾರು ಉಣ್ಣುವವರೆಲ್ಲ ವ್ಯರ್ಥವನ್ನೇ ಉಣ್ಣುತ್ತಿದ್ದಾರೆ. ಸಮುದ್ರಕ್ಕೆ ಒಂದು ನೋಟಿಸ್ ಕೊಟ್ಟರೆ ಹೇಗೆ ಅಂತ ಯಾರೂ ಯೋಚಿಸಲಿಲ್ಲ. ವಿಳಾಸ ಸಿಕ್ಕಿರಲಿಕ್ಕಿಲ್ಲ.

ಸರಿ, ಎಷ್ಟು ನೀರು? 24 ಟಿಎಂಸಿ. ಮಳೆಗಾಲದ 139 ದಿನಗಳಲ್ಲಿ ಎತ್ತುವುದು. ಒಂದು ಟಿಎಂಸಿ ಅಂದರೆ 2,831 ಕೋಟಿ ಲೀಟರ್. ಈ ಅಂಕಿ ನೋಡಿದರೆ ನಿಮಗೂ ನನಗೂ ತಲೆ ತಿರುಗುತ್ತದೆ, ಅದಕ್ಕೇ ಅದನ್ನು ಟಿಎಂಸಿ ಅನ್ನುವುದು. ನಾನು ನಿವೃತ್ತ ಗಣಿತ ಮೇಷ್ಟ್ರು. ಸುಮ್ನೆ ಕೂರಲಾಗಲಿಲ್ಲ. ಮೊಮ್ಮಗಳ ಪಾಟಿ ಇಸಕೊಂಡೆ.

ನೀರು ಹಿಡಿಯುವ ಆ ಕಾಡಿನ ಜಲಾನಯನ ಸುಮಾರು 180 ಚದರ ಕಿಲೋಮೀಟರ್. 24 ಟಿಎಂಸಿ ನೀರನ್ನು ಅಷ್ಟು ಜಾಗದ ಮೇಲೆ ಸಮವಾಗಿ ಸುರಿದರೆ ಎಷ್ಟು ಎತ್ತರ ನಿಲ್ಲುತ್ತದೆ? ಭಾಗಿಸಿದೆ. 3.77 ಮೀಟರ್. ಅಂದರೆ ಹನ್ನೆರಡು ಅಡಿಗೂ ಜಾಸ್ತಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಮೂರರಿಂದ ಐದು ಸಾವಿರ ಮಿಲಿಮೀಟರ್. ಹಾಗಾದರೆ ಮಳೆ ಕಮ್ಮಿಯಾದ ವರ್ಷ ಆಕಾಶವೇ ಕೈಯಿಂದ ಹಾಕಿ ಕೊಡಬೇಕು. ಒಳ್ಳೆಯ ವರ್ಷದಲ್ಲೂ ಬಿದ್ದ ನೀರಿನ ಬಹುಪಾಲು ನೇರ ಪೈಪಿಗೇ ಹೋಗಬೇಕು. ಮಣ್ಣು ಕುಡಿಯಬಾರದು. ಮರದ ಬೇರು ಬಾಯಿ ಮುಚ್ಚಿಕೊಂಡಿರಬೇಕು. ಏಲಕ್ಕಿ, ಕಾಫಿ ತೋಟಗಳು ಉಪವಾಸ. ಬಿಸಿಲು ಬಂದರೂ ಆವಿಯಾಗುವಂತಿಲ್ಲ. ಆನೆ ಹೊಳೆಗೆ ಇಳಿದರೆ ಸೊಂಡಿಲಿಗೊಂದು ಮೀಟರ್.

ಪಾಟಿ ಹಿಡಿದು ಬೀಗರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. “ಹನ್ನೆರಡು ಅಡಿ ನೀರು ನಿಂತಿರೋದನ್ನ ನಾನು ನೋಡಿ ಮೂವತ್ತು ವರ್ಷ ಆಯ್ತು ಬೀಗ್ರೇ,” ಅಂದರು. ನಾನು ಪಾಟಿ ಒರೆಸಿದೆ.

ನನ್ನ ಪಾಟಿ ಲೆಕ್ಕ ಬಿಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿತ್ತು. ಅಲ್ಲಿ ಸಿಗುವ ಒಟ್ಟು ನೀರು 9.55 ಟಿಎಂಸಿ ಅಂತ. ಅದರಲ್ಲೂ ಸ್ಥಳೀಯ ಬೇಸಾಯ, ಜನ, ಜಾನುವಾರು, ಹೊಳೆಯ ಜೀವ ಎಲ್ಲ ಕಳೆದರೆ ಉಳಿಯುವುದು 0.85 ಟಿಎಂಸಿ. ಕೊಟ್ಟಿಗೆಗೆ ಕಟ್ಟುವ ಮೊದಲು ಬಾಲ ಎತ್ತಿ ನೋಡಿದ್ದು ಅವರು. ಅದಕ್ಕೆ ಉತ್ತರವಾಗಿ ಸರ್ಕಾರ ಮಾಡಿದ್ದು ಪೈಪಿನ ಕೆಲಸ ಮುಂದುವರಿಸಿದ್ದು.

ಈಗ ಹರಿವಿನ ವಿಷಯ. 2012ರಲ್ಲಿ ಯೋಜನೆ 8,323 ಕೋಟಿ ರೂಪಾಯಿಯಲ್ಲಿ ಹರಿಯುತ್ತಿತ್ತು. 2014ಕ್ಕೆ 12,912 ಕೋಟಿ. 2023ಕ್ಕೆ 23,251 ಕೋಟಿ. ನೀರು ಮಾತ್ರ ಆಗಲೂ 24, ಈಗಲೂ 24. ಬೇಸಿಗೆಯಲ್ಲೂ ಬತ್ತದೆ, ಬರಗಾಲದಲ್ಲೂ ಇಳಿಯದೆ, ಪ್ರತಿ ಘಟ್ಟದಲ್ಲೂ ಉಕ್ಕುವ ಇಂಥ ಜೀವನದಿ ಪಶ್ಚಿಮಘಟ್ಟದಲ್ಲಿ ಇನ್ನೊಂದಿಲ್ಲ. ಯಾವ ಪಕ್ಷದ ಸರ್ಕಾರ ಬಂದರೂ ಅದು ಹರಿದಿದೆ. ನಮ್ಮ ಕರಾವಳಿಯಲ್ಲಿ ಬಂದ್ ಮಾಡಿದ ಪಕ್ಷದವರೇ ಬೆಂಗಳೂರಿನಲ್ಲಿ ಬಜೆಟ್ ಓದಿದ್ದಾರೆ. ಘಾಟಿ ಹತ್ತುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಬಹುಶಃ ಮನಸ್ಸೂ.

2014ರ ಮಾರ್ಚ್‌ನಲ್ಲಿ, ಲೋಕಸಭೆ ಚುನಾವಣೆ ಹತ್ತಿರ ಬಂದಾಗ, ಮುಖ್ಯಮಂತ್ರಿ ಸಿದ್ದರಾಮಯ್ಯ ಅಡಿಗಲ್ಲು ಹಾಕಿದರು. ಎಲ್ಲಿ? ಹೊಳೆ ಇರುವುದು ಸಕಲೇಶಪುರದಲ್ಲಿ. ಕಲ್ಲು ಬಿದ್ದದ್ದು ಚಿಕ್ಕಬಳ್ಳಾಪುರದ ಹತ್ತಿರ. ಬಾವಿ ತೋಡುವ ಮೊದಲು ನಲ್ಲಿಗೆ ಹೂವಿನ ಹಾರ. ನಾನಿದನ್ನು ತಪ್ಪು ಅನ್ನುವುದಿಲ್ಲ. ನೀರಿದ್ದ ಕಡೆ ಮತ ಇರಲಿಲ್ಲ, ಮತ ಇದ್ದ ಕಡೆ ನೀರಿರಲಿಲ್ಲ. ಕಲ್ಲಿಗೆ ಎರಡರಲ್ಲಿ ಒಂದು ಕಡೆ ಹೋಗಲೇಬೇಕಿತ್ತು.

ಕಾಡಿನೊಳಗೆ ಇಷ್ಟು ದೊಡ್ಡ ಕೆಲಸಕ್ಕೆ ಪರಿಸರದ ಮೇಲಿನ ಪರಿಣಾಮದ ಅಧ್ಯಯನ ಬೇಡವೇ ಅಂತ ನೀವು ಕೇಳಬಹುದು. ಬೇಡ. ಯಾಕೆಂದರೆ ಇದು ‘ಕುಡಿಯುವ ನೀರಿನ’ ಯೋಜನೆ. ಆ ಎರಡು ಪದ ಮಂತ್ರದ ಹಾಗೆ, ಹೇಳಿದ ತಕ್ಷಣ ಗೇಟು ತೆರೆಯುತ್ತದೆ. 24ರಲ್ಲಿ 14 ಟಿಎಂಸಿ ಕುಡಿಯಲು. ಉಳಿದ ಹತ್ತಿರ ಹತ್ತು ಟಿಎಂಸಿ 527 ಕೆರೆಗಳಿಗೆ. ಕೆರೆಗಳೂ ಕುಡಿಯುತ್ತವೆ, ಅಲ್ವಾ? ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ದಾರಿ ಬಿಟ್ಟಿತು.

ಅದೇ 2019ರ ಮೇ ತಿಂಗಳಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ನೇತ್ರಾವತಿ ಬತ್ತಿದೆ, ಭಕ್ತರು ಸ್ವಲ್ಪ ದಿನ ಪ್ರವಾಸ ಮುಂದೂಡಿ ಅಂತ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ವಿನಂತಿ ಮಾಡಿದ್ದರು. ಮಂಜುನಾಥನ ದರ್ಶನಕ್ಕೇ ನೀರಿನ ರೇಷನ್. ಕೆಳಗೆ ಮಂಗಳೂರಿನಲ್ಲೂ ತುಂಬೆ ಡ್ಯಾಮಿನ ನೀರು ರೇಷನ್ ಲೆಕ್ಕಕ್ಕೆ ಬಂದಿತ್ತು. ಇದನ್ನು ಹೇಳಿದರೆ ದೊಡ್ಡವರು ನಗುತ್ತಾರೆ. ‘ನಾವು ತಗೊಳ್ಳೋದು ಮಳೆಗಾಲದ ನೀರು ಮಾತ್ರ ಮೇಷ್ಟ್ರೇ.’ ಬೇಸಿಗೆಯ ನೀರಿಗೆ ಬೇರೆ ಫ್ಯಾಕ್ಟರಿ ಇದೆ ಅಂದುಕೊಂಡಿದ್ದಾರೆ ಪಾಪ. ಜುಲೈನಲ್ಲಿ ಶೋಲಾ ಕಾಡಿನ ಮಣ್ಣಿಗೆ ಇಂಗಿದ ಮಳೆಯೇ ಮಾರ್ಚ್‌ನಲ್ಲಿ ತೊರೆಯಾಗಿ ಜಿನುಗುವುದು. ಆ ಮಣ್ಣನ್ನೇ ಬಗೆದು ಪೈಪ್ ಹೂತರೆ ಮಾರ್ಚ್‌ಗೆ ಸಿಗುವುದು ಪೈಪ್.

2024ರ ಸೆಪ್ಟೆಂಬರ್ 6, ಗೌರಿ ಹಬ್ಬ. ಅಡಿಗಲ್ಲು ಹಾಕಿದ್ದ ಸಿದ್ದರಾಮಯ್ಯನವರೇ, ನಡುವೆ ಬೇರೆ ಮೂವರು ಮುಖ್ಯಮಂತ್ರಿಗಳು ಬಂದು ಹೋದ ಮೇಲೆ, ಸಕಲೇಶಪುರದಲ್ಲಿ ಮೊದಲ ಹಂತ ಉದ್ಘಾಟಿಸಿ ಬಾಗಿನ ಕೊಟ್ಟರು. ಗೌರಿ ತವರಿಗೆ ಬರುವ ದಿನ ಹೊಳೆಯನ್ನು ತವರಿನಿಂದ ಹೊರಡಿಸಿದರು. ಹೊರಟವಳು ಮುಂದೆ ಹೋಗಬೇಕಲ್ಲ? ಕಾಲುವೆ ಆಗಿನ್ನೂ ಪೂರ್ತಿ ಆಗಿರಲಿಲ್ಲ. ಹಾಗಾಗಿ ನೀರನ್ನು ಸದ್ಯಕ್ಕೆ ಅಂತ ವೇದಾವತಿಯ ಮೂಲಕ ವಾಣಿವಿಲಾಸ ಸಾಗರದ ಕಡೆ ಬಿಟ್ಟರು. ಯೋಜನೆಯ ಏಳು ಜಿಲ್ಲೆಗಳ ಪಟ್ಟಿಯಲ್ಲಿ ಚಿತ್ರದುರ್ಗವೇ ಇಲ್ಲ. ಕೋಲಾರಕ್ಕೆ ಅಂತ ಮಗಳನ್ನು ಬಸ್ಸು ಹತ್ತಿಸಿದರೆ ಹಿರಿಯೂರಲ್ಲಿ ಇಳಿಸಿದ್ದಾರೆ. ಚಿತ್ರದುರ್ಗದವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರೂ ಬರ ಉಂಡವರೇ. ಆದರೆ ವೇದಾವತಿಯ ದಾರಿ ನೋಡಿ: ತುಂಗಭದ್ರೆ, ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಅದೂ ಸಮುದ್ರವೇ. ಪಡುವಣ ಕಡಲಿಗೆ ಹೋದರೆ ವ್ಯರ್ಥ, ಮೂಡಣ ಕಡಲಿಗೆ ಹೋದರೆ ಅಭಿವೃದ್ಧಿ. ಬಿಸಿಲೆಯ ಕಲ್ಲಿಗೆ ಇನ್ನು ತಿದ್ದುಪಡಿ ತರಬೇಕು.

ಇನ್ನು ಕೊಟ್ಟಿಗೆ. ಗಾದೆಯಲ್ಲಾದರೂ ಕೊಟ್ಟಿಗೆ ಇತ್ತು. ಇಲ್ಲಿ ನೀರು ತುಂಬಿಡಬೇಕಾದ ಜಲಾಶಯ ಕೊರಟಗೆರೆಯ ಬೈರಗೊಂಡ್ಲುವಿನಲ್ಲಿ ಆಗಬೇಕು. ಅದರ ಹಿನ್ನೀರಿನಲ್ಲಿ ಮುಳುಗುವ ಜಮೀನು ಕೊರಟಗೆರೆಯದ್ದೂ ಇದೆ, ದೊಡ್ಡಬಳ್ಳಾಪುರದ್ದೂ ಇದೆ. ಬೇಲಿಯ ಈಚೆಗೆ ಒಂದು ದರ, ಆಚೆಗೆ ಇನ್ನೊಂದು. ನಮಗೂ ಅದೇ ದರ ಕೊಡಿ ಅಂತ ಕೊರಟಗೆರೆಯ ರೈತರು ಕೂತರು. ಕೂರದೆ ಇನ್ನೇನು? ಮುಳುಗುವಾಗ ನೀರೇನು ಗೈಡೆನ್ಸ್ ವ್ಯಾಲ್ಯೂ ನೋಡಿ ಮುಳುಗಿಸುತ್ತದೆಯೇ? ಹೀಗೆ ವರ್ಷಗಳು ಹೋದವು. ಎತ್ತು ಈದಿದ್ದು ಖಾತ್ರಿ, ಕರುವಿಗೆ ಹಗ್ಗ ಬಂದಿದೆ, ಕೊಟ್ಟಿಗೆಯ ಜಾಗ ವ್ಯಾಜ್ಯದಲ್ಲಿದೆ.

ಅಲ್ಲಿಯವರೆಗೆ ಕೋಲಾರ ಏನು ಮಾಡುತ್ತಿದೆ ಅಂದರೆ, 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯಿಂದ ಬರುವ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೆರೆಗಳಲ್ಲಿ ತುಂಬಿಸಿಕೊಳ್ಳುತ್ತಿದೆ. ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ಕಾವೇರಿಯಲ್ಲಿ ಬೆಂಗಳೂರು ಮೊದಲು ಸ್ನಾನ ಮಾಡುತ್ತದೆ, ಆಮೇಲೆ ಕೋಲಾರಕ್ಕೆ ಕಳಿಸುತ್ತದೆ. ಬೆಂಗಳೂರಿಗೆ ದಿನಾ ತರಕಾರಿ, ಹಾಲು ಕಳಿಸುವ ಊರಿಗೆ ಇದು ರಿಟರ್ನ್ ಗಿಫ್ಟ್.

ಕಳೆದ ಆಷಾಢದಲ್ಲಿ ಬೀಗರು ನಮ್ಮನೆಗೆ ಬಂದಿದ್ದರು. ಮೂರು ದಿನ ಬಿಡದೆ ಮಳೆ. ಛತ್ರಿ ಹಿಡಿದು ಇಬ್ಬರೂ ಸಂಗಮದ ಕಡೆ ಹೋದೆವು. ಕೆಂಪು ನೀರು ಮೆಟ್ಟಿಲು ನುಂಗಿ ನಿಂತಿತ್ತು. ಅವರು ಮಾತಾಡಲಿಲ್ಲ. ಸುಮಾರು ಅರ್ಧ ಗಂಟೆ ನಿಂತೇ ಇದ್ದರು, ಯಾರದೋ ಮದುವೆ ಮನೆಯ ಹೊರಗೆ ನಿಂತವರ ಹಾಗೆ. ಮನೆಗೆ ಬಂದು, ಊರಿಗೆ ಹೊರಡುವಾಗ ಮಾತ್ರ, “ಬೀಗ್ರೇ, ಒಂದು ಕ್ಯಾನ್ ಇದ್ರೆ ಕೊಡಿ. ಪೂಜೆಗೆ,” ಅಂದರು. ಇಪ್ಪತ್ತು ಲೀಟರಿನ ಕ್ಯಾನ್ ಕೊಟ್ಟೆ. ನೀರು ತಿಳಿಯಾಗುವ ಕಡೆ ನೋಡಿ ಮಗ ತುಂಬಿಸಿ ತಂದ. ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿ, ಮೇಲೆ ಸುತ್ತಲಿ ಬಿಗಿದು, ಬಸ್ಸಿಗೆ ಹತ್ತಿಸಿದೆವು. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ. ಶಿರಾಡಿಯಲ್ಲಿ ಮಣ್ಣು ಕುಸಿದು ಎರಡು ಗಂಟೆ ಲೇಟು.

ಮಾರನೆ ದಿನ ಬೆಳಿಗ್ಗೆ ಫೋನ್ ಬಂತು. “ತಲುಪ್ತು ಬೀಗ್ರೇ. ಒಂದು ತೊಟ್ಟೂ ಸೋರಿಲ್ಲ. ಬೀದಿಯವರೆಲ್ಲ ನೋಡೋಕೆ ಬಂದಿದ್ದಾರೆ.”