ಜಿಡ್ಡು ಮಲವನ್ನು ಅಜೀರ್ಣ ಅಂತ ಬಿಡಬೇಡಿ

ಮೇದೋಜೀರಕ ಗ್ರಂಥಿಯ (ಜೀರ್ಣರಸ ಮಾಡೋ ಪ್ಯಾಂಕ್ರಿಯಾಸ್) ಹಳೇ ಉರಿಯೂತಕ್ಕೆ ಕುಡಿತವೇ ಕಾರಣ ಅಂತ ಹೇಳಿ ಲೇಖನ ಮುಗಿಸಿದ್ದೀರಿ. ನಮ್ಮ ಅಣ್ಣ ಒಂದು ಹನಿ ಕುಡಿದವನಲ್ಲ, ಬೀಡಿ ಮಾತ್ರ ಬಿಡಲಿಲ್ಲ. ಬೀಡಿ, ಸಿಗರೇಟೂ ಈ ಗ್ರಂಥಿಯನ್ನು ಕೆಡಿಸ್ತಾವ, ದಯವಿಟ್ಟು ಅದನ್ನೂ ಬರೀರಿ.

ವಿಜಯಪುರದಾಗ ನಮ್ಮ ಮನೆಯವರೆಲ್ಲ ಅಣ್ಣನ ಈ ರೋಗವನ್ನು ಎರಡು ವರ್ಷ ಅಜೀರ್ಣ ಅಂತಲೇ ತಿಳಿದಿದ್ವಿ. ರೊಟ್ಟಿ, ಶೇಂಗಾ ಹಿಂಡಿ, ಬೆಣ್ಣಿ ಎಲ್ಲಾ ಉಣ್ತಿದ್ದ, ಆದರೂ ತೂಕ ಇಳೀತಾನೇ ಹೋಯ್ತು. ಮಲ ಜಿಡ್ಡಾಗಿ, ನಾರುತ್ತಾ, ನೀರಿನ ಮೇಲೆ ತೇಲೋದು. ನಾಚಿಕೆಗೆ ಡಾಕ್ಟರ್ ಮುಂದೆ ಹೇಳಲೇ ಇಲ್ಲ. ಕೊಬ್ಬು ಅರಗಿಸಲಿಕ್ಕೆ ಈ ಗ್ರಂಥಿ ಬಿಡೋ ಲೈಪೇಸ್ ಅನ್ನೋ ಕಿಣ್ವದ ಸ್ರಾವ ಸಹಜ ಪ್ರಮಾಣದ ಸುಮಾರು ಶೇ. 10ಕ್ಕಿಂತ ಕೆಳಗೆ ಹೋದ ಮೇಲೇ ಇದು ಹೀಗೆ ಕಣ್ಣಿಗೆ ಬೀಳೋದು, ಅಂದ್ರೆ ಅಷ್ಟರಾಗ ಗ್ರಂಥಿ ಬಹಳ ಸೋತಿರ್ತದ. ರೋಗ ಹಳೇದಾದಷ್ಟೂ ಹೀಗೆ ಕಿಣ್ವ ಕಡಿಮೆ ಆಗೋ ಅಪಾಯ ಹೆಚ್ಚು. ಗ್ರಂಥಿಯ ನಾಳದಾಗ ಕಲ್ಲು ಕೂತವರು, ಸಕ್ಕರೆ ಕಾಯಿಲೆ ಬಂದವರು, ಗ್ರಂಥಿಯ ಆಪರೇಷನ್ ಆದವರು ಮಲದ ಎಲಾಸ್ಟೇಸ್ ಪರೀಕ್ಷೆ (ಗ್ರಂಥಿ ಸಾಕಷ್ಟು ಕಿಣ್ವ ಬಿಡ್ತದೋ ಇಲ್ಲೋ ಅಂತ ತೋರಿಸೋದು) ಬಗ್ಗೆ ಕೇಳಲೇಬೇಕು. ಎ, ಡಿ, ಇ, ಕೆ ವಿಟಮಿನ್‌ಗಳೂ ಕೊಬ್ಬಿನ ಜೊತೆಗೇ ಹೊರಗೆ ಹೋಗ್ತಾವ.

ಇನ್ನೊಂದು ಮಾತು: ಈ ಕೊರತೆ ತುಂಬಲಿಕ್ಕೆ ಕೊಡೋ ಕಿಣ್ವದ ಕ್ಯಾಪ್ಸೂಲ್ ಊಟದ ಜೊತೆಗೇ ನುಂಗಬೇಕು. ಅಣ್ಣ ಒಂದು ತಾಸು ಮೊದಲೇ ನುಂಗ್ತಿದ್ದ, ಗುಣ ಕಾಣಲಿಲ್ಲ. ಊಟದ ಜೊತೆ ಶುರು ಮಾಡಿದ ಮೇಲೇ ಮೈ ಹಿಡೀತು.